ಹಾಫ್-ಟನ್ ಎಸ್‌ಯುವಿಯಲ್ಲಿ ಭಾರದ ಟ್ರೇಲರ್ ಎಳೆಯುವುದು: ಗೇರ್‌ಬಾಕ್ಸ್ ಸುಡದಂತೆ ಹಂತ ಹಂತವಾಗಿ

ಅಮೆರಿಕದಲ್ಲಿ ಟಾಹೋ, ಸಬರ್ಬನ್, ಎಕ್ಸ್‌ಪೆಡಿಷನ್, ಸೆಕ್ವೋಯಾ ತರಹದ ಹಾಫ್-ಟನ್ (ಹಗುರ ಪಿಕಪ್ ವರ್ಗದ) ದೊಡ್ಡ ಗಾಡಿ ಇಟ್ಟುಕೊಂಡು ಟ್ರಾವೆಲ್ ಟ್ರೇಲರ್, ಅಂದರೆ ಒಳಗೇ ಉಳಿದುಕೊಳ್ಳುವ ಚಕ್ರದ ಮನೆ, ಕೊಂಡ ನಮ್ಮವರ ದೂರು ಹೆಚ್ಚುಕಡಿಮೆ ಒಂದೇ. ‘ಗಾಡಿ 8,400 ಪೌಂಡ್ ಎಳೆಯುತ್ತೆ ಅಂತ ಬರೆದಿದೆ, ನನ್ನ ಟ್ರೇಲರ್ ಬರೀ 6,500. ಆದರೂ ಮೊದಲನೇ ಘಾಟಿಯಲ್ಲೇ ಟ್ರಾನ್ಸ್‌ಮಿಷನ್ (ಗೇರ್‌ಬಾಕ್ಸ್) ಬಿಸಿ ಅಂತ ಎಚ್ಚರಿಕೆ ಬಂತು, ಏನ್ ಮಾಡೋದು?’

ಉತ್ತರ ಇಷ್ಟೇ. ಈ ಗಾಡಿಗಳಲ್ಲಿ ಮೊದಲು ಮುಗಿಯುವುದು ಎಂಜಿನ್ನಿನ ಶಕ್ತಿಯಲ್ಲ. ಒಂದೋ ಪೇಲೋಡ್, ಅಂದರೆ ಗಾಡಿ ಹೊರಬಹುದಾದ ಭಾರ, ಮುಗಿಯುತ್ತದೆ, ಇಲ್ಲವೇ ಬಿಸಿಯನ್ನು ಹೊರಹಾಕುವ ತಾಕತ್ತು ಮುಗಿಯುತ್ತದೆ. ಐದು ನಿಮಿಷ ಎಳೆಯಬಲ್ಲ ಗಾಡಿ ಇಪ್ಪತ್ತು ನಿಮಿಷದ ಏರಿನಲ್ಲಿ ಸೋಲುವುದು ಇದೇ ಕಾರಣಕ್ಕೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹೆಚ್ಚಿನವರು ನಾಲ್ಕನೇ ಹಂತದಿಂದ ಶುರು ಮಾಡಿ ಗೇರ್‌ಬಾಕ್ಸಿನ ಎಣ್ಣೆ ತಣಿಸುವ ದುಬಾರಿ ಕೂಲರ್ ಹಾಕಿಸುತ್ತಾರೆ, ಆಮೇಲೆ ತೂಕ ಹಾಕಿಸಿ ನೋಡಿದರೆ ಟ್ರೇಲರೇ ಆ ಗಾಡಿಗೆ ಜಾಸ್ತಿ ಅಂತ ಗೊತ್ತಾಗುತ್ತದೆ.

## ಮೊದಲು ಕೈಯಲ್ಲಿರಬೇಕಾದ ಸಾಮಾನು

ಗಾಡಿಯ ಓನರ್ಸ್ ಮ್ಯಾನುಯಲ್, ಅದೇ ವರ್ಷದ್ದು. ಟ್ರಾನ್ಸ್‌ಮಿಷನ್ ಎಣ್ಣೆಯ ಬಿಸಿ ತೋರಿಸುವ ಗೇಜ್. ಕೆಲವು ಗಾಡಿಗಳಲ್ಲಿ ಅದು ಡ್ಯಾಶ್‌ನಲ್ಲೇ ಇರುತ್ತದೆ, ಮೆನು ಹುಡುಕಿ. ಇಲ್ಲದಿದ್ದರೆ ಸ್ಟಿಯರಿಂಗ್ ಕೆಳಗಿನ ಓಬಿಡಿ2 ಪೋರ್ಟಿಗೆ (ಗಾಡಿಯ ಕಂಪ್ಯೂಟರ್ ಓದುವ ಜಾಗ) ಚುಚ್ಚುವ ಸಣ್ಣ ಬ್ಲೂಟೂತ್ ರೀಡರ್ ಮತ್ತು ಫೋನಿನಲ್ಲಿ ಒಂದು ಆ್ಯಪ್ ಸಾಕು. ಟಯರ್ ಪ್ರೆಶರ್ ಗೇಜ್, ಟಾರ್ಕ್ ರೆಂಚ್, ಅಳತೆ ಟೇಪು. ಟ್ರೇಲರಿಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಅದನ್ನು ಗಾಡಿಯಿಂದಲೇ ನಡೆಸುವ ಬ್ರೇಕ್ ಕಂಟ್ರೋಲರ್ ಇರಲೇಬೇಕು. 6,000 ಪೌಂಡ್ ಮೇಲಿನ ಟ್ರಾವೆಲ್ ಟ್ರೇಲರಿಗೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್, ಅಂದರೆ ಟ್ರೇಲರಿನ ಭಾರವನ್ನು ಸ್ಪ್ರಿಂಗ್ ಬಾರ್‌ಗಳಿಂದ ಮುಂದಿನ ಚಕ್ರಗಳಿಗೂ ಹಂಚುವ ಕೊಂಡಿ, ಕೂಡ ಬೇಕು.

ಇಷ್ಟರಲ್ಲಿ ಒಂದನ್ನೇ ಕೊಳ್ಳಲು ದುಡ್ಡಿದೆ ಅಂದರೆ ಬಿಸಿಯ ಗೇಜ್ ಕೊಳ್ಳಿ. ಡ್ಯಾಶ್‌ನಲ್ಲಿ ಎಚ್ಚರಿಕೆ ದೀಪ ಹೊತ್ತಿಕೊಳ್ಳುವ ಹೊತ್ತಿಗೆ ಎಣ್ಣೆ ಆಗಲೇ ಸುಟ್ಟಿರುತ್ತದೆ.

## ಹಂತ 1: ಬ್ರೋಷರ್ ಬದಿಗಿಡಿ, ಡ್ರೈವರ್ ಬಾಗಿಲ ಸ್ಟಿಕ್ಕರ್ ಓದಿ

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ-ಬಿಳಿ ಸ್ಟಿಕ್ಕರ್ ಕಾಣುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿರುತ್ತದೆ. ಅದೇ ಪೇಲೋಡ್. ಒಂದೇ ಮಾಡೆಲಿನ ಎರಡು ಗಾಡಿಗಳಲ್ಲಿ ಇದು ಬೇರೆ ಬೇರೆ ಇರುತ್ತದೆ, ಯಾಕಂದ್ರೆ ಸನ್‌ರೂಫ್, ದೊಡ್ಡ ಚಕ್ರ, ಮೂರನೇ ಸಾಲಿನ ಮೋಟರ್ ಸೀಟು ಎಲ್ಲವೂ ಅದರಿಂದಲೇ ಕಡಿತ. ಅಂದರೆ ಟಾಪ್ ಮಾಡೆಲ್ ಕೊಂಡವರಿಗೇ ಪೇಲೋಡ್ ಕಡಿಮೆ.

ಬ್ರೋಷರಿನ ದೊಡ್ಡ ಸಂಖ್ಯೆ ಎಸ್‌ಎಇ ಜೆ2807 ಅನ್ನುವ ಪರೀಕ್ಷೆಯಿಂದ ಬರುತ್ತದೆ. ಪರೀಕ್ಷೆ ನಿಜಕ್ಕೂ ಕಠಿಣವಾಗಿದೆ. ಅರಿಜೋನಾದ ಡೇವಿಸ್ ಡ್ಯಾಮ್ ಏರಿನಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ, ಎಸಿ ಪೂರ್ತಿ ಹಾಕಿಕೊಂಡು, 11.4 ಮೈಲಿ ಹತ್ತುವಾಗ ಗಾಡಿ ಗಂಟೆಗೆ 40 ಮೈಲಿಗಿಂತ ಕೆಳಗೆ ಇಳಿಯಬಾರದು. ಎರಡು ವಿಷಯ ಗಮನಿಸಿ. ಒಂದು, ಬೇಕಿರುವುದು 40 ಮೈಲಿ, 65 ಅಲ್ಲ. ಎರಡು, ಗಾಡಿಯೊಳಗೆ 150 ಪೌಂಡಿನ ಇಬ್ಬರು ಮಾತ್ರ ಇದ್ದಾರೆ ಅಂತ ಲೆಕ್ಕ. ಮಕ್ಕಳು, ಅಪ್ಪ-ಅಮ್ಮ, ಕುಕ್ಕರ್, ಅಕ್ಕಿ ಚೀಲ ಯಾವುದೂ ಆ ಲೆಕ್ಕದಲ್ಲಿಲ್ಲ.

ಈಗ ಒಂದು ಉದಾಹರಣೆ. ಸ್ಟಿಕ್ಕರಿನಲ್ಲಿ 1,580 ಪೌಂಡ್ ಇದೆ ಅಂತಿಟ್ಟುಕೊಳ್ಳಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಸೇರಿ 490. ಸಾಮಾನು 150. ಹಿಚ್ 90. 6,500 ಪೌಂಡ್ ಟ್ರೇಲರಿನ ಮೂತಿಯ ಭಾರ, ಅಂದರೆ ಟಂಗ್ ವೇಟ್, 820. ಒಟ್ಟು 1,550. ಉಳಿದದ್ದು ಮೂವತ್ತೇ ಪೌಂಡ್, ಐಸ್ ತುಂಬಿದ ಒಂದು ಕೂಲರ್ ಇಟ್ಟರೆ ಮುಗೀತು. ಎಳೆಯುವ ಮಿತಿ ಇನ್ನೂ ಎರಡು ಸಾವಿರ ಪೌಂಡ್ ದೂರ ಇದ್ದರೂ ಗಾಡಿ ಆಗಲೇ ತುಂಬಿದೆ, ನೋಡಿ.

ಸಾಮಾನ್ಯ ತಪ್ಪು: ಟ್ರೇಲರಿನ ಖಾಲಿ ತೂಕವನ್ನೇ ಲೆಕ್ಕಕ್ಕೆ ಹಿಡಿಯುವುದು. ಡೀಲರ್ ಹೇಳುವ ‘ಡ್ರೈ ವೇಟ್’ನಲ್ಲಿ ನೀರು, ಪಾತ್ರೆ, ಹಾಸಿಗೆ, ಕುರ್ಚಿ ಇಲ್ಲ. ಬ್ಯಾಟರಿ, ಗ್ಯಾಸ್ ಕೂಡ ಎಷ್ಟೋ ಸಲ ಸೇರಿರುವುದಿಲ್ಲ. 40 ಗ್ಯಾಲನ್ ನೀರೇ ಸುಮಾರು 330 ಪೌಂಡ್. ಖಾಲಿ ತೂಕಕ್ಕೆ ಸಾವಿರ ಪೌಂಡ್ ಸೇರಿಸಿಯೇ ಯೋಚಿಸಿ.

## ಹಂತ 2: ವೇಬ್ರಿಡ್ಜಿಗೆ ಹೋಗಿ ಮೂರು ಸಲ ತೂಕ ಹಾಕಿಸಿ

ಹೈವೇ ಪಕ್ಕದ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಇರುತ್ತದೆ. ಲಾರಿಯವರ ಜಾಗ ಅಂತ ಹಿಂಜರಿಯಬೇಡಿ, ಎಲ್ಲರಿಗೂ ತೂಕ ಮಾಡಿಕೊಡುತ್ತಾರೆ. ಮುಂದಿನ ಚಕ್ರ ಮೊದಲ ಹಾಸಿನ ಮೇಲೆ, ಹಿಂದಿನ ಚಕ್ರ ಎರಡನೆಯದರ ಮೇಲೆ, ಟ್ರೇಲರಿನ ಚಕ್ರಗಳು ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಿ. ಮನೆಮಂದಿಯೆಲ್ಲ ಗಾಡಿಯಲ್ಲೇ ಕೂತಿರಲಿ, ಟ್ಯಾಂಕ್ ತುಂಬಿರಲಿ, ಟ್ರೇಲರ್ ಪ್ರವಾಸಕ್ಕೆ ಹೊರಟಂತೆಯೇ ತುಂಬಿರಲಿ.

ಮೊದಲನೇ ಸಲ ಟ್ರೇಲರ್ ಸಿಕ್ಕಿಸಿ, ಹಿಚ್ಚಿನ ಸ್ಪ್ರಿಂಗ್ ಬಾರ್‌ಗಳನ್ನು ಬಿಗಿದು. ಎರಡನೇ ಸಲ ಬಾರ್ ಬಿಚ್ಚಿ. ಮೂರನೇ ಸಲ ಟ್ರೇಲರ್ ಪಾರ್ಕಿಂಗಿನಲ್ಲಿ ಬಿಟ್ಟು ಗಾಡಿ ಒಂದನ್ನೇ, ಹಿಚ್ ಮಾತ್ರ ಗಾಡಿಯಲ್ಲೇ ಇರಲಿ.

ಮೇಲಿನ ಸಂಸಾರದ್ದೇ ಚೀಟಿ ಹೀಗಿರಬಹುದು. ಗಾಡಿ ಒಂದೇ: ಮುಂದೆ 3,060, ಹಿಂದೆ 3,320, ಒಟ್ಟು 6,380. ಬಾರ್ ಇಲ್ಲದೆ ಟ್ರೇಲರ್ ಸಿಕ್ಕಿಸಿದಾಗ: ಮುಂದೆ 2,640, ಹಿಂದೆ 4,560, ಟ್ರೇಲರ್ ಚಕ್ರಗಳ ಮೇಲೆ 5,680. ಬಾರ್ ಬಿಗಿದಾಗ: ಮುಂದೆ 2,860, ಹಿಂದೆ 4,200, ಟ್ರೇಲರ್ 5,820.

ಇದನ್ನು ಓದುವುದು ಸುಲಭ. ಎರಡನೇ ತೂಕದಲ್ಲಿ ಗಾಡಿಯ ಎರಡೂ ಆಕ್ಸಲ್ ಸೇರಿ 7,200. ಅದರಿಂದ 6,380 ಕಳೆದರೆ 820, ಅದು ಟಂಗ್ ವೇಟ್. ಟ್ರೇಲರಿನ ಒಟ್ಟು ತೂಕ 6,500, ಹಾಗಾಗಿ ಮೂತಿಯ ಪಾಲು ಸುಮಾರು 12.6 ಶೇಕಡಾ. ಟ್ರಾವೆಲ್ ಟ್ರೇಲರಿಗೆ ಇದು 10ರಿಂದ 15 ಶೇಕಡಾ ಒಳಗಿರಬೇಕು. ಕಡಿಮೆಯಾದರೆ ಟ್ರೇಲರ್ ಬಾಲ ಆಡಿಸುತ್ತದೆ, ಜಾಸ್ತಿಯಾದರೆ ಹಿಂದಿನ ಆಕ್ಸಲ್ ನರಳುತ್ತದೆ.

ಹಿಂದಿನ ಆಕ್ಸಲ್ ನೋಡಿ. 820 ಪೌಂಡ್ ಇಟ್ಟಿದ್ದಕ್ಕೆ ಅದರ ಮೇಲೆ ಏರಿದ್ದು 1,240, ಯಾಕಂದ್ರೆ ಟ್ರೇಲರ್ ಕೂರುವ ಹಿಚ್ಚಿನ ಬಾಲ್ (ಗುಂಡು) ಆಕ್ಸಲಿಗಿಂತ ಹಿಂದಿದೆ, ಮುಂದಿನ ಭಾಗವನ್ನು ಎತ್ತಿ ಆ ಭಾರವನ್ನೂ ಹಿಂದಕ್ಕೇ ಹಾಕುತ್ತದೆ. ಬಾಗಿಲ ಸ್ಟಿಕ್ಕರಿನ ಪಕ್ಕದಲ್ಲೇ ಹಿಂದಿನ ಆಕ್ಸಲಿನ ಮಿತಿ ಬೇರೆಯಾಗಿ ಬರೆದಿರುತ್ತದೆ. ಈ ಸಂಖ್ಯೆಯನ್ನು ಅದಕ್ಕೆ ಹೋಲಿಸಿ. ಹಿಂದಿನ ಬೇರಿಂಗ್, ಟಯರ್, ಡಿಫರೆನ್ಷಿಯಲ್ (ಚಕ್ರಗಳಿಗೆ ಬಲ ಹಂಚುವ ಗೇರ್ ಗುಂಡು) ಎಲ್ಲ ಇದೇ ಭಾರ ಹೊತ್ತುಕೊಂಡು ಗಂಟೆಗಟ್ಟಲೆ ತಿರುಗಬೇಕಲ್ವಾ.

ಮುಂದೆ ಕಳೆದುಕೊಂಡಿದ್ದು 420, ಬಾರ್ ಬಿಗಿದ ಮೇಲೆ ವಾಪಸ್ ಬಂದಿದ್ದು 220. ಎಷ್ಟು ವಾಪಸ್ ಬರಬೇಕು ಅಂತ ನಿಮ್ಮ ಮ್ಯಾನುಯಲ್ ಹೇಳುತ್ತದೆ, ಪೂರ್ತಿ ವಾಪಸ್ ತರಲು ಬಾರ್ ಎಳೆದು ಬಿಗಿಯಬೇಡಿ.

ಕೊನೆಗೆ ಮೊದಲನೇ ಚೀಟಿಯ ಒಟ್ಟು 12,880ನ್ನು ಗಾಡಿ ಮತ್ತು ಟ್ರೇಲರ್ ಸೇರಿದ ಮಿತಿಗೆ, ಅಂದರೆ ಜಿಸಿಡಬ್ಲ್ಯುಆರ್‌ಗೆ, ಹೋಲಿಸಿ. ಡ್ರೈವ್‌ಟ್ರೇನಿನ, ಅಂದರೆ ಎಂಜಿನ್ನಿನಿಂದ ಚಕ್ರದ ತನಕ ಬಲ ಒಯ್ಯುವ ಭಾಗಗಳ, ಮಿತಿ ಅಂದರೆ ಇದೇ. ಸಪಾಟು ರಸ್ತೆಯಾದರೆ ಅದರ 90 ಶೇಕಡಾ ತನಕ ಹೋಗಿ. ಬೇಸಿಗೆಯಲ್ಲಿ ಕೊಲರಾಡೋ ಕಡೆ ಹೋಗುವವರು 80ರಲ್ಲೇ ನಿಲ್ಲುವುದು ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

## ಹಂತ 3: ಆಕ್ಸಲ್ ರೇಷಿಯೋ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಚಕ್ರ ಒಂದು ಸುತ್ತು ತಿರುಗಲು ಡ್ರೈವ್‌ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವುದೇ ಆಕ್ಸಲ್ ರೇಷಿಯೋ. ಹಳೆ ಗಾಡಿ ಕೊಳ್ಳುವವರು ಇದನ್ನು ಕೇಳುವುದೇ ಇಲ್ಲ. 2015ರಿಂದ 2020ರ ತನಕದ 5.3 ಲೀಟರ್ ಟಾಹೋದಲ್ಲಿ ಮಾಮೂಲಿ ಆಕ್ಸಲ್ 3.08, ಮ್ಯಾಕ್ಸ್ ಟ್ರೇಲರಿಂಗ್ ಪ್ಯಾಕೇಜ್ ಇದ್ದರೆ 3.42. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಗ್ಲವ್ ಬಾಕ್ಸಿನ ಕೋಡ್ ಸ್ಟಿಕ್ಕರಿನಲ್ಲಿ ಜಿಯು4 ಇದ್ದರೆ 3.08, ಜಿಯು5 ಇದ್ದರೆ 3.23, ಜಿಯು6 ಇದ್ದರೆ 3.42, ಜಿಟಿ4 ಇದ್ದರೆ 3.73. ಸ್ಟಿಕ್ಕರ್ ಇಲ್ಲದ ಗಾಡಿಯಾದರೆ ಡೀಲರ್ ಹತ್ತಿರ ವಿನ್ ನಂಬರ್ ಕೊಟ್ಟು ಕೇಳಿ. ಫೋರ್ಡ್ ಗಾಡಿಯಲ್ಲಿ ಆಕ್ಸಲ್ ಕೋಡ್ ಬಾಗಿಲ ಲೇಬಲಿನಲ್ಲೇ ಇರುತ್ತದೆ.

ಇದರಿಂದ ಏನು ವ್ಯತ್ಯಾಸ? ಎಂಜಿನ್ ಎಷ್ಟು ಸುತ್ತುತ್ತದೆ ಅನ್ನುವುದು. ಲೆಕ್ಕ ಹೀಗೆ: ವೇಗವನ್ನು ಆಕ್ಸಲ್ ರೇಷಿಯೋ, ಗೇರ್ ರೇಷಿಯೋ ಮತ್ತು 336ರಿಂದ ಗುಣಿಸಿ, ಇಂಚಿನಲ್ಲಿ ಟಯರಿನ ಎತ್ತರದಿಂದ ಭಾಗಿಸಿ. ಆ ಟಾಹೋದ ಆರು ಗೇರಿನ 6ಎಲ್80 ಗೇರ್‌ಬಾಕ್ಸಿನ ಮೂರನೇ ಗೇರ್ 1.53, ನಾಲ್ಕನೆಯದು 1.15, ಆರನೆಯದು 0.67. ಟಯರ್ 32 ಇಂಚು, ಆಕ್ಸಲ್ 3.42, ವೇಗ 60 ಮೈಲಿ ಆದರೆ ಆರನೇ ಗೇರಿನಲ್ಲಿ ಸುಮಾರು 1,440 ಆರ್‌ಪಿಎಂ, ನಾಲ್ಕರಲ್ಲಿ 2,480, ಮೂರರಲ್ಲಿ 3,300. ಆ 5.3 ಲೀಟರ್ ಎಂಜಿನ್ನಿನ ಟಾರ್ಕ್ ತುದಿ ಮುಟ್ಟುವುದು 4,100 ಆರ್‌ಪಿಎಂನಲ್ಲಿ. ಅಂದರೆ ಭಾರ ಎಳೆಯುವಾಗ ಆರನೇ ಗೇರ್ ಅನ್ನುವುದು ಇಲ್ಲವೇ ಇಲ್ಲ ಅಂದುಕೊಳ್ಳಿ.

ದೊಡ್ಡ ಟಯರ್ ಹಾಕಿಸಿಕೊಂಡವರಿಗೆ ಒಂದು ಮಾತು. 32 ಇಂಚಿನ ಜಾಗಕ್ಕೆ 35 ಇಂಚು ಹಾಕಿದರೆ ನಿಮ್ಮ 3.42 ಆಕ್ಸಲ್ 3.13ರಂತೆ ಕೆಲಸ ಮಾಡುತ್ತದೆ. ದುಡ್ಡು ಕೊಟ್ಟು ಎಳೆಯುವ ಶಕ್ತಿ ಕಳೆದುಕೊಂಡಂತೆ. ಟ್ರೇಲರ್ ಎಳೆಯುವ ಗಾಡಿಗೆ ಅದು ಬೇಡ.

## ಹಂತ 4: ಕೂಲರ್ ಇದೆಯೋ ಇಲ್ಲವೋ ಬಗ್ಗಿ ನೋಡಿ

ಹಿಂದೆ ಹಿಚ್ ತೂರಿಸುವ ಚೌಕದ ರಿಸೀವರ್ ಕಂಡ ಕೂಡಲೇ ‘ಟೋ ಪ್ಯಾಕೇಜ್ ಇದೆ’ ಅಂತ ತೀರ್ಮಾನ ಮಾಡಬೇಡಿ. ರಿಸೀವರನ್ನು ಯಾರು ಬೇಕಾದರೂ ಆಮೇಲೆ ಕೂಡಿಸಬಹುದು. ಪ್ಯಾಕೇಜಿನ ನಿಜವಾದ ಬೆಲೆ ಇರುವುದು ಮುಂದುಗಡೆ: ಟ್ರಾನ್ಸ್‌ಮಿಷನ್ನಿಗೆ ಹೆಚ್ಚುವರಿ ಕೂಲರ್, ದೊಡ್ಡ ರೇಡಿಯೇಟರ್, ಕೆಲವದರಲ್ಲಿ ಎಂಜಿನ್ ಆಯಿಲ್ ಕೂಲರ್. ಗ್ರಿಲ್ಲಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಎಸಿ ಕಂಡೆನ್ಸರಿನ ಮುಂದೆ ಪುಟ್ಟ ರೇಡಿಯೇಟರಿನಂಥದ್ದು ಕಾಣಬೇಕು. ಅದರ ರೆಕ್ಕೆಗಳ ನಡುವೆ ಹುಳು, ಧೂಳು, ಹತ್ತಿಯಂಥ ಬೀಜದ ನಾರು ಸಿಕ್ಕಿಕೊಂಡಿರುತ್ತದೆ. ನೀರಿನ ಪೈಪಿನಿಂದ ಮೆಲ್ಲಗೆ ತೊಳೆಯಿರಿ. ಪ್ರೆಶರ್ ವಾಷರ್ ಬೇಡ, ರೆಕ್ಕೆ ಬಾಗಿಬಿಡುತ್ತವೆ.

ಬಿಸಿ ಎಲ್ಲಿಂದ ಹುಟ್ಟುತ್ತದೆ ಅಂತ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಇದೆ. ಅದರೊಳಗೆ ಎಣ್ಣೆಯೇ ಒಂದು ಚಕ್ರದಿಂದ ಇನ್ನೊಂದಕ್ಕೆ ಬಲ ದಾಟಿಸುತ್ತದೆ. ಆಗ ಸ್ವಲ್ಪ ಜಾರುತ್ತದೆ, ಜಾರಿದ್ದೆಲ್ಲ ಬಿಸಿಯಾಗುತ್ತದೆ. ವೇಗ ಬಂದ ಮೇಲೆ ಒಳಗಿನ ಕ್ಲಚ್ ಹಿಡಿದು ಕನ್ವರ್ಟರ್ ಲಾಕ್ ಆಗುತ್ತದೆ, ಜಾರುವುದು ನಿಲ್ಲುತ್ತದೆ, ಬಿಸಿಯೂ ಇಳಿಯುತ್ತದೆ. ಎತ್ತರದ ಗೇರಿನಲ್ಲಿ ಏರು ಹತ್ತುತ್ತಾ ಆಕ್ಸಿಲರೇಟರ್ ಒತ್ತಿದರೆ ಲಾಕ್ ಬಿಟ್ಟುಕೊಂಡು ಮತ್ತೆ ಜಾರತೊಡಗುತ್ತದೆ. ಘಾಟಿಯಲ್ಲಿ ಗೇರ್‌ಬಾಕ್ಸ್ ಹಾಳಾಗುವುದು ಮುಖ್ಯವಾಗಿ ಇದರಿಂದ.

ಲಾಕ್ ಆಗಿದೆಯಾ ಅಂತ ಕಂಡುಹಿಡಿಯಲು ಸಮವೇಗದಲ್ಲಿ ಹೋಗುವಾಗ ಕಾಲನ್ನು ಕೂದಲೆಳೆಯಷ್ಟು ಒತ್ತಿ. ವೇಗ ಹಾಗೇ ಇದ್ದು ಆರ್‌ಪಿಎಂ ಮಾತ್ರ 200-300 ಮೇಲೆ ಹೋದರೆ ಲಾಕ್ ಇಲ್ಲ. ವೇಗ ಮತ್ತು ಆರ್‌ಪಿಎಂ ಒಟ್ಟಿಗೇ ಏರಿದರೆ ಲಾಕ್ ಇದೆ.

## ಹಂತ 5: ಎಣ್ಣೆಗಳನ್ನು ಹೊರಡುವ ಮೊದಲೇ ನೋಡಿಕೊಳ್ಳಿ

ಮ್ಯಾನುಯಲಿನಲ್ಲಿ ಎರಡು ಪಟ್ಟಿ ಇರುತ್ತವೆ, ಮಾಮೂಲಿ ಮತ್ತು ಕಠಿಣ ಬಳಕೆ. ಟ್ರೇಲರ್ ಎಳೆದ ದಿನದಿಂದ ನಿಮ್ಮದು ಎರಡನೇ ಪಟ್ಟಿ. 2015-2020ರ ಟಾಹೋದಲ್ಲಿ ಕಠಿಣ ಬಳಕೆಗೆ ಟ್ರಾನ್ಸ್‌ಮಿಷನ್ ಎಣ್ಣೆ 45,000 ಮೈಲಿಗೊಮ್ಮೆ. ‘ಇದು ಲೈಫ್‌ಟೈಮ್ ಎಣ್ಣೆ, ಬದಲಾಯಿಸೋದೇ ಬೇಡ’ ಅನ್ನುವ ಮಾತನ್ನು ಟ್ರೇಲರ್ ಎಳೆಯುವವರು ಕಿವಿಗೆ ಹಾಕಿಕೊಳ್ಳಬೇಡಿ.

ಎಣ್ಣೆಯ ಜಾತಿ ಬೆರೆಸಬೇಡಿ. ಆರು ಗೇರಿನ ಜಿಎಂ ಗಾಡಿಗೆ ಡೆಕ್ಸ್ರಾನ್ 6, ಫೋರ್ಡಿನ ಹತ್ತು ಗೇರಿಗೆ ಮರ್ಕಾನ್ ಯುಎಲ್‌ವಿ. ‘ಎಲ್ಲದಕ್ಕೂ ಆಗುತ್ತೆ’ ಅಂತ ಡಬ್ಬದ ಮೇಲೆ ಬರೆದದ್ದು ಈ ಕೆಲಸಕ್ಕೆ ಬೇಡ.

ಹಿಂದಿನ ಡಿಫರೆನ್ಷಿಯಲ್ ಎಲ್ಲರೂ ಮರೆಯುವ ಜಾಗ. ಅದಕ್ಕೆ ಕೂಲರ್ ಇಲ್ಲ, ಗೇಜೂ ಇಲ್ಲ, ಇರುವ ಒಂದೆರಡು ಲೀಟರ್ ಎಣ್ಣೆಯಲ್ಲೇ ಅಷ್ಟೂ ಭಾರ ತಿರುಗಬೇಕು. ಎಣ್ಣೆ ತೆಗೆದಾಗ ಮೂಸಿ ನೋಡಿ. ಹೊಸ ಗೇರ್ ಆಯಿಲಿಗೂ ಗಂಧಕದ ವಾಸನೆ ಇರುತ್ತದೆ, ಅದು ಸರಿ. ಸುಟ್ಟ ಘಾಟು ಇದ್ದರೆ ಸರಿಯಿಲ್ಲ. ಕವರಿನ ಅಥವಾ ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಇದ್ದರೆ ಚಿಂತೆ ಇಲ್ಲ, ಬೆರಳಲ್ಲಿ ಉಜ್ಜಿದರೆ ಕರಗಿದಂತಿರಬೇಕು. ಚುಚ್ಚುವ ಚೂರು ಸಿಕ್ಕರೆ ಟ್ರೇಲರ್ ಮನೆಯಲ್ಲೇ ಬಿಡಿ.

ಗಾಡಿ ಹೊಸದಾದರೆ ಕೂಡಲೇ ಎಳೆಯಬೇಡಿ. ಮೊದಲ 500 ಮೈಲಿ ಟ್ರೇಲರ್ ಬೇಡ ಅಂತ ಜಿಎಂ ಹೇಳುತ್ತದೆ, ಎಳೆಯಲು ಶುರು ಮಾಡಿದ ಮೇಲೂ ಮೊದಲ 500 ಮೈಲಿ 50ರ ವೇಗ ದಾಟಬೇಡಿ, ಪೂರ್ತಿ ಕಾಲೊತ್ತಿ ಹೊರಡಬೇಡಿ ಅನ್ನುತ್ತದೆ. ಫೋರ್ಡ್ 1,000 ಮೈಲಿ ಕಾಯಿರಿ ಅನ್ನುತ್ತದೆ. ಡಿಫರೆನ್ಷಿಯಲಿನ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವ ಕಾಲ ಅದು. ಡಿಫರೆನ್ಷಿಯಲ್ ಗೇರ್ ಹೊಸದಾಗಿ ಹಾಕಿಸಿದ್ದರೂ ಇದೇ ಶಿಸ್ತು ಇರಲಿ.

## ಹಂತ 6: ಹೊರಡುವ ಮುನ್ನ ಬ್ರೇಕ್ ಹೊಂದಿಸಿ

ಇದು ಹತ್ತು ನಿಮಿಷದ ಕೆಲಸ. ಖಾಲಿ ಜಾಗದಲ್ಲಿ, ಒಣ ನೆಲದಲ್ಲಿ 20-25 ಮೈಲಿ ವೇಗಕ್ಕೆ ಬಂದು ಕಂಟ್ರೋಲರಿನ ಕೈಗುಂಡಿಯನ್ನಷ್ಟೇ ಒತ್ತಿ. ಟ್ರೇಲರ್ ಹಿಂದಕ್ಕೆ ಜಗ್ಗಿದಂತೆ ಆಗಬೇಕು. ಚಕ್ರ ಲಾಕ್ ಆಗುವ ತನಕ ಗೇನ್ (ಟ್ರೇಲರ್ ಬ್ರೇಕಿನ ಬಲ) ಏರಿಸಿ, ಆಮೇಲೆ ಸ್ವಲ್ಪ ಇಳಿಸಿ. ಟ್ರೇಲರ್ ತನ್ನ ಬ್ರೇಕ್ ತಾನೇ ಹಿಡಿಯದಿದ್ದರೆ ಆ ಹೊರೆ ಗಾಡಿಯ ಬ್ರೇಕಿಗೂ ಗೇರ್‌ಬಾಕ್ಸಿಗೂ ಬೀಳುತ್ತದೆ.

## ಹಂತ 7: ಏರು ಹತ್ತುವಾಗ ಗೇರು ನೀವೇ ಆರಿಸಿ

ಭಾರ ಎಳೆಯಲೆಂದೇ ಇರುವ ಟೋ/ಹಾಲ್ ಗುಂಡಿ ಒತ್ತಿಯೇ ಹೊರಡಿ. ಅದು ಗೇರ್ ಬೇಗ ಏರದಂತೆ ತಡೆಯುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಮುಟ್ಟಿದರೆ ಗೇರ್ ಇಳಿಸಿಕೊಡುತ್ತದೆ. ಆದರೆ ಅದು ಮುಂದಿನ ರಸ್ತೆ ನೋಡುವುದಿಲ್ಲ, ನೀವು ನೋಡುತ್ತೀರಿ. ಏರಿನ ಬುಡದಲ್ಲೇ, ವೇಗ ಬೀಳುವ ಮೊದಲೇ, ಮ್ಯಾನುಯಲ್ ಮೋಡಿಗೆ ಹಾಕಿ ಒಂದು ಗೇರ್ ಕೆಳಗಿಳಿಸಿ ಹಿಡಿದಿಡಿ. 3,000-3,500 ಆರ್‌ಪಿಎಂನಲ್ಲಿ ಎಂಜಿನ್ ಕೂಗಿದರೆ ಹೆದರಬೇಡಿ. ಕೂಗುವ ಎಂಜಿನ್ನಿನ ವಾಟರ್ ಪಂಪ್ ಜೋರಾಗಿ ತಿರುಗುತ್ತದೆ, ಗೇರ್‌ಬಾಕ್ಸಿನ ಎಣ್ಣೆ ಪಂಪೂ ಜೋರಾಗಿ ತಿರುಗುತ್ತದೆ, ಕನ್ವರ್ಟರ್ ಲಾಕ್ ಆಗಿಯೇ ಉಳಿಯುತ್ತದೆ. 1,800ರಲ್ಲಿ ಸದ್ದಿಲ್ಲದೆ ಏದುಸಿರು ಬಿಡುವ ಎಂಜಿನ್ನೇ ಅಪಾಯ.

ಗೇರ್ ನಾಲ್ಕಕ್ಕೂ ಐದಕ್ಕೂ ನಡುವೆ ಓಲಾಡುತ್ತಿದ್ದರೆ ಪ್ರತಿ ಸಲವೂ ಲಾಕ್ ಬಿಟ್ಟು ಹಿಡಿಯುತ್ತಿದೆ ಅಂತ ಅರ್ಥ. ಕೆಳಗಿನ ಗೇರಿನಲ್ಲಿ ನಿಲ್ಲಿಸಿಬಿಡಿ.

ಕ್ರೂಸ್ ಕಂಟ್ರೋಲ್ ತೆಗೆಯಿರಿ. ವೇಗ ಉಳಿಸಿಕೊಳ್ಳುವುದೊಂದೇ ಅದಕ್ಕೆ ಗೊತ್ತು, ಬಿಸಿ ಲೆಕ್ಕಕ್ಕಿಲ್ಲ.

ವೇಗ ಕಡಿಮೆ ಮಾಡುವುದು ಎಲ್ಲಕ್ಕಿಂತ ದೊಡ್ಡ ಮದ್ದು. 14,000 ಪೌಂಡಿನ ಗಾಡಿ-ಟ್ರೇಲರ್ 6 ಶೇಕಡಾ ಏರನ್ನು 60 ಮೈಲಿಯಲ್ಲಿ ಹತ್ತಲು ಬರೀ ಏರಿಗೇ 134 ಹಾರ್ಸ್‌ಪವರ್ ಬೇಕು. ಗಾಳಿ ಮತ್ತು ಟಯರಿನ ಪಾಲು ಸೇರಿದರೆ ಚಕ್ರದಲ್ಲಿ 200 ದಾಟುತ್ತದೆ. 40 ಮೈಲಿಗೆ ಇಳಿದರೆ ಏರಿನ ಪಾಲು 90ಕ್ಕೆ ಬರುತ್ತದೆ. ಗಾಳಿಯದಂತೂ ಇನ್ನೂ ಜೋರು: 65ರಿಂದ 55ಕ್ಕೆ ಇಳಿದರೆ ಗಾಳಿಗೆ ತಿನ್ನಿಸುವ ಶಕ್ತಿ ಸುಮಾರು 40 ಶೇಕಡಾ ಕಡಿಮೆ. ಎತ್ತರದ ಟ್ರಾವೆಲ್ ಟ್ರೇಲರ್ ಎಳೆಯುವವರಿಗೆ ತೂಕದಷ್ಟೇ ಗಾಳಿಯೂ ಶತ್ರು. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯುವ ಗಾಡಿಗೆ ಕಾನೂನಿನ ಮಿತಿಯೇ 55.

ಎತ್ತರ ಮರೆಯಬೇಡಿ. ಟರ್ಬೋ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು 3 ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ. ಲಾಸ್ ಏಂಜಲೀಸ್ ಕಡೆಯ ಗ್ರೇಪ್‌ವೈನ್ ಏರು ಸುಮಾರು 4,100 ಅಡಿಗೆ ಮುಗಿಯುತ್ತದೆ, ಅಲ್ಲಿ ತೊಂದರೆ ಬಿಸಿಲಿನದು. ಇಂಟರ್‌ಸ್ಟೇಟ್ 80ರ ಡಾನರ್ ಸಮ್ಮಿಟ್ 7,200 ಅಡಿ ದಾಟುತ್ತದೆ. ಡೆನ್ವರ್ ಪಶ್ಚಿಮದ ಐಸನ್‌ಹೋವರ್ ಸುರಂಗ 11,000 ಅಡಿ ಮೇಲಿದೆ. ಅಲ್ಲಿ ಆ 5.3 ಲೀಟರ್ ಎಂಜಿನ್ನಿನ 355 ಹಾರ್ಸ್‌ಪವರಿನ ಮೂರನೇ ಒಂದು ಪಾಲು ಮಾಯ, ಗಾಳಿ ತೆಳುವಾಗಿರುವುದರಿಂದ ರೇಡಿಯೇಟರ್ ಕೂಡ ಅಷ್ಟು ಚೆನ್ನಾಗಿ ತಣಿಸುವುದಿಲ್ಲ. ಡಾಲಸ್, ಆಸ್ಟಿನ್ ಕಡೆಯ ಸಪಾಟು ರಸ್ತೆಯಲ್ಲಿ ಆರಾಮಾಗಿ ಎಳೆದ ಜೋಡಿ ಅಲ್ಲಿ ಮುಗ್ಗರಿಸುವುದು ಇದಕ್ಕೇ. ಬಲಗಡೆ ಲೇನ್ ಹಿಡಿದು, ಲಾರಿಗಳ ಹಿಂದೆ, 35-40ರಲ್ಲಿ ಹೋಗಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಬಿಸಿಯ ಗೇಜನ್ನು ಹೀಗೆ ಓದಿ. 170ರಿಂದ 200 ಡಿಗ್ರಿ ಫ್ಯಾರನ್‌ಹೀಟ್ ದಿನನಿತ್ಯದ್ದು. ಏರಿನಲ್ಲಿ 220ರ ತನಕ ಪರವಾಗಿಲ್ಲ. 230 ಕಂಡರೆ ಆಗಲೇ ವೇಗ ಇಳಿಸಿ, ಗೇರ್ ಇಳಿಸಿ. 250 ಆದರೆ ಸುರಕ್ಷಿತ ಜಾಗ ಹುಡುಕಿ ನಿಲ್ಲಿಸಿ. 270ರಲ್ಲಿ ಒಳಗಿನ ಸೀಲು, ಕ್ಲಚ್ಚು ಹಾಳಾಗುತ್ತಿರುತ್ತವೆ. ನಿಮ್ಮ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಅಂತಿಮ.

ನಿಲ್ಲಿಸಿದ ಮೇಲೆ ಎಂಜಿನ್ ಆಫ್ ಮಾಡುವುದು ದೊಡ್ಡ ತಪ್ಪು. ಪಾರ್ಕಿಗೆ ಹಾಕಿ, ಎಂಜಿನ್ ಓಡಲಿ, ಆಕ್ಸಿಲರೇಟರ್ ಒತ್ತಿ 1,000-1,200 ಆರ್‌ಪಿಎಂನಲ್ಲಿ ಇಡಿ. ಪಂಪ್ ತಿರುಗುತ್ತಾ ಇದ್ದರೆ ಬಿಸಿ ಎಣ್ಣೆ ಕೂಲರಿಗೆ ಹೋಗಿ ತಣಿದು ಬರುತ್ತದೆ. 200ರ ಕೆಳಗೆ ಬರುವ ತನಕ ಕಾಯಿರಿ. ಹಬೆ ಏಳುತ್ತಿದ್ದರೆ ಅಥವಾ ಕೆಳಗೆ ಏನಾದರೂ ಸೋರುತ್ತಿದ್ದರೆ ಮಾತ್ರ ತಕ್ಷಣ ಆಫ್ ಮಾಡಿ.

## ಹಂತ 8: ಇಳಿಜಾರಿನಲ್ಲಿ ತುದಿಯಲ್ಲೇ ಗೇರ್ ಇಳಿಸಿ

ಶಿರಾಡಿ ಘಾಟಿಯಲ್ಲಿ ಲಾರಿಯವರು ಹತ್ತಿದ ಗೇರಿನಲ್ಲೇ ಇಳಿಯುತ್ತಾರಲ್ಲ, ಇಲ್ಲಿಯೂ ಅದೇ ನಿಯಮ. ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಿ ಗೇರ್ ಇಳಿಸಿ. ಅರ್ಧ ಇಳಿದ ಮೇಲೆ 70ರಲ್ಲಿ ಗೇರ್ ಇಳಿಸಲು ಹೋದರೆ ಕಂಪ್ಯೂಟರ್ ಒಪ್ಪುವುದಿಲ್ಲ.

ಎಂಜಿನ್ 4,000ದ ಆಸುಪಾಸಿನಲ್ಲಿ ತಿರುಗಿದರೂ ಕೆಂಪು ಗೆರೆಯ ಕೆಳಗಿದ್ದರೆ ತೊಂದರೆ ಇಲ್ಲ. ವೇಗ ಏರಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ 5 ಮೈಲಿ ಇಳಿಸಿ, ಬಿಟ್ಟುಬಿಡಿ. ಕಾಲು ಬ್ರೇಕ್ ಮೇಲೇ ಇಟ್ಟುಕೊಂಡು ಬಂದರೆ ಕೆಳಗೆ ಬರುವಷ್ಟರಲ್ಲಿ ಪೆಡಲ್ ಮೆತ್ತಗಾಗಿರುತ್ತದೆ. ಯೊಸೆಮಿಟಿಗೆ ಹೈವೇ 120ರಲ್ಲಿ ಹೋಗುವ ಬೇ ಏರಿಯಾದವರಿಗೆ ಪ್ರತ್ಯೇಕವಾಗಿ ಹೇಳುತ್ತೇನೆ, ಮ್ಯಾಪ್ ತೋರಿಸಿದರೂ ಓಲ್ಡ್ ಪ್ರೀಸ್ಟ್ ಗ್ರೇಡ್ ರಸ್ತೆಗೆ ಟ್ರೇಲರ್ ಒಯ್ಯಬೇಡಿ. ಸುತ್ತಾದರೂ ನ್ಯೂ ಪ್ರೀಸ್ಟ್ ಗ್ರೇಡಿನಲ್ಲೇ ಹೋಗಿ.

## ಹಂತ 9: ರಿವರ್ಸಿನಲ್ಲಿ ಗೇರ್‌ಬಾಕ್ಸ್ ಬೇಯಿಸಬೇಡಿ

ದಿನವಿಡೀ ಜಾಗ್ರತೆಯಾಗಿ ಬಂದು ಕ್ಯಾಂಪ್‌ಸೈಟಿನಲ್ಲಿ ಹದಿನೈದು ನಿಮಿಷದಲ್ಲಿ ಕೆಡಿಸಿಕೊಳ್ಳುವವರು ಬಹಳ. ಏರುಮುಖವಾದ ಜಲ್ಲಿ ಜಾಗಕ್ಕೆ ಟ್ರೇಲರನ್ನು ಹಿಂದಕ್ಕೆ ತಳ್ಳುವಾಗ ಗಾಡಿ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತದೆ. ಕನ್ವರ್ಟರ್ ಲಾಕ್ ಆಗುವುದಿಲ್ಲ, ಎಂಜಿನ್ ಕೊಟ್ಟ ಬಲದ ದೊಡ್ಡ ಪಾಲು ಬಿಸಿಯಾಗುತ್ತದೆ, ಕೂಲರಿಗೆ ಗಾಳಿಯೂ ಇಲ್ಲ. ಒಬ್ಬರು ಹಿಂದೆ ನಿಂತು ‘ಇನ್ನೂ ಬಲಕ್ಕೆ, ಇನ್ನೂ ಬಲಕ್ಕೆ’ ಅನ್ನುತ್ತಿರುವಾಗ ಗೇಜ್ ನೋಡುವವರು ಯಾರು?

ನಾಲ್ಕೂ ಚಕ್ರಕ್ಕೆ ಬಲ ಹಂಚುವ ಎರಡು ವೇಗದ ಟ್ರಾನ್ಸ್‌ಫರ್ ಕೇಸ್ ಇದ್ದರೆ ಫೋರ್ ಲೋಗೆ (ನಾಲ್ಕು ಚಕ್ರ, ತಗ್ಗಿನ ಗೇರ್) ಹಾಕಿ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಆಮೇಲೆ ಹಾಕಬೇಕು. ಆಗ ಆಕ್ಸಿಲರೇಟರ್ ಅಷ್ಟಾಗಿ ಒತ್ತದೆಯೇ ಟ್ರೇಲರ್ ಇರುವೆಯಂತೆ ಹಿಂದೆ ಸರಿಯುತ್ತದೆ. ಆದರೆ ಮಣ್ಣು, ಜಲ್ಲಿ, ಹುಲ್ಲಿನ ಮೇಲೆ ಮಾತ್ರ. ಟಾರು ಅಥವಾ ಕಾಂಕ್ರೀಟಿನ ಮೇಲೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಫೋರ್ ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್, ಡ್ರೈವ್‌ಶಾಫ್ಟ್ ಹಿಡಿದುಕೊಂಡು ಕಟಕಟ ಅನ್ನುತ್ತವೆ. ಒಣ ಹೈವೇಯಲ್ಲೂ ಟೂ ಹೈನಲ್ಲೇ (ಎರಡೇ ಚಕ್ರಕ್ಕೆ ಬಲ) ಓಡಿಸಿ.

ಫೋರ್ ಲೋ ಇಲ್ಲದವರು ಮಧ್ಯೆ ಮಧ್ಯೆ ನಿಲ್ಲಿಸಿ ಪಾರ್ಕಿಗೆ ಹಾಕಿ ತಣಿಯಲು ಬಿಡಿ. ಸಾಧ್ಯವಾದರೆ ಬುಕ್ ಮಾಡುವಾಗಲೇ ನೇರವಾಗಿ ಒಳಗೆ ಹೋಗಿ ಆಚೆ ಬರುವ ಪುಲ್-ಥ್ರೂ ಜಾಗ ಕೇಳಿ.

## ಈ ಲಕ್ಷಣ ಕಂಡರೆ ಮುಂದೆ ಹೋಗಬೇಡಿ

45-65 ಮೈಲಿ ವೇಗದಲ್ಲಿ, ರಸ್ತೆ ಅಂಚಿನ ಉಬ್ಬುಪಟ್ಟಿಯ ಮೇಲೆ ಹತ್ತಿದಂತೆ ಎರಡು ಸೆಕೆಂಡ್ ಗಡಗಡ ನಡುಗಿ ನಿಂತರೆ ಅದು ಕನ್ವರ್ಟರ್ ಕ್ಲಚ್ಚು. ಎಷ್ಟೋ ಜನ ಟಯರ್ ಬ್ಯಾಲೆನ್ಸ್ ಮಾಡಿಸಿ ದುಡ್ಡು ಕಳೆಯುತ್ತಾರೆ. ಬೇಗ ಹಿಡಿದರೆ ಎಣ್ಣೆ ಬದಲಿಸಿದ್ದಕ್ಕೇ ಸರಿಹೋಗಬಹುದು. ಬಿಟ್ಟರೆ ಕನ್ವರ್ಟರ್ ಉದುರಿಸಿದ ಚೂರು ಇಡೀ ಗೇರ್‌ಬಾಕ್ಸ್ ಸುತ್ತುತ್ತದೆ.

ಪಾರ್ಕಿನಿಂದ ಡ್ರೈವಿಗೆ ಹಾಕಿದಾಗ ಒಂದೆರಡು ಸೆಕೆಂಡ್ ತಡ, ಆಮೇಲೆ ಧಡ್ ಅಂತ ಹಿಡಿಯುವುದು: ಎಣ್ಣೆ ಕಡಿಮೆ ಅಥವಾ ಒಳಗೆ ಸವೆತ.

ಕಾಲೊತ್ತಿದಾಗ ಹಿಂದಿನಿಂದ ಊಳಿಟ್ಟಂತೆ ಸದ್ದು, ಕಾಲು ತೆಗೆದರೆ ನಿಲ್ಲುವುದು ಅಥವಾ ಸದ್ದಿನ ಬಗೆ ಬದಲಾಗುವುದು ಆದರೆ ಡಿಫರೆನ್ಷಿಯಲಿನ ಹಲ್ಲು. ಕಾಲೊತ್ತಿದರೂ ಬಿಟ್ಟರೂ ಒಂದೇ ಸಮ ಗುಂಯ್ ಅಂದರೆ ಬೇರಿಂಗ್ ಮೇಲೆ ಅನುಮಾನ.

ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ನೆಲ ಝುಮ್ ಅನ್ನುವುದು, ಹೊರಡುವಾಗ ಟಣ್ ಅನ್ನುವುದು: ಡ್ರೈವ್‌ಶಾಫ್ಟಿನ ಯು-ಜಾಯಿಂಟ್. ಗಾಡಿಯ ಹಿಂಭಾಗ ಕುಸಿದು ಕೂತಾಗ ಶಾಫ್ಟಿನ ಕೋನ ಬದಲಾಗಿ ಇದು ಜೋರಾಗುತ್ತದೆ, ಹಿಚ್ ಸರಿಯಾಗಿ ಹೊಂದಿಸಿದೆಯಾ ಅಂತಲೂ ನೋಡಿ.

ಗಾಡಿ ನಿಂತ ಜಾಗದಲ್ಲಿ ಕೆಂಪು ಹನಿ, ಸುಟ್ಟ ಟೋಸ್ಟಿನಂಥ ವಾಸನೆ: ಟ್ರಾನ್ಸ್‌ಮಿಷನ್ ಎಣ್ಣೆ. ಆ ದಿನದ ಪ್ರಯಾಣ ಅಲ್ಲಿಗೇ ನಿಲ್ಲಿಸಿ, ಟೋ ಟ್ರಕ್ ಕರೆಯಿರಿ. ಟೋ ಟ್ರಕ್ಕಿನ ಬಿಲ್ಲು ಹೊಸ ಗೇರ್‌ಬಾಕ್ಸಿನ ಬಿಲ್ಲಿನ ಮುಂದೆ ಏನೂ ಅಲ್ಲ.

## ಲೆಕ್ಕ ಹೊಂದದೇ ಇದ್ದರೆ

ಮೊದಲು ಸುಲಭದ್ದು ಮಾಡಿ. ನೀರಿನ ಟ್ಯಾಂಕ್ ಖಾಲಿ ಮಾಡಿ ಹೊರಡಿ, ಕ್ಯಾಂಪಿನಲ್ಲಿ ತುಂಬಿಸಿಕೊಳ್ಳಬಹುದು. ಕ್ಯಾಂಪ್ ಬಿಡುವ ಮೊದಲು ಕೊಳಕು ನೀರಿನ ಟ್ಯಾಂಕುಗಳನ್ನು ಖಾಲಿ ಮಾಡಿ. ಗಾಡಿಯ ಡಿಕ್ಕಿಯ ಭಾರದ ಸಾಮಾನನ್ನು ಟ್ರೇಲರಿನ ಚಕ್ರಗಳ ನೇರಕ್ಕೆ ಸರಿಸಿ, ತೀರಾ ಹಿಂದಕ್ಕೆ ಬೇಡ. ಆಮೇಲೆ ಮತ್ತೆ ತೂಕ ಹಾಕಿಸಿ.

ಅಷ್ಟಾದರೂ ಹಿಂದಿನ ಆಕ್ಸಲ್ ಅಥವಾ ಒಟ್ಟು ಮಿತಿ ಮೀರಿದರೆ ಏರ್‌ಬ್ಯಾಗು, ದಪ್ಪ ಸ್ಪ್ರಿಂಗು ಹಾಕಿಸಿ ಸಮಾಧಾನ ಪಟ್ಟುಕೊಳ್ಳಬೇಡಿ. ಅವು ಹಿಂಭಾಗವನ್ನು ಎತ್ತುತ್ತವೆ ಅಷ್ಟೆ, ಆಕ್ಸಲಿನ ಮಿತಿಯನ್ನಾಗಲೀ ಗೇರ್‌ಬಾಕ್ಸಿನ ಮಿತಿಯನ್ನಾಗಲೀ ಒಂದು ಪೌಂಡ್ ಕೂಡ ಏರಿಸುವುದಿಲ್ಲ. ಇನ್ನೂ ಟ್ರೇಲರ್ ಕೊಂಡಿಲ್ಲದವರು ತುಂಬಿದ ತೂಕ 5,000-5,500 ಪೌಂಡ್ ಒಳಗಿರುವುದನ್ನು ಆರಿಸಿ, ನಾಲ್ಕು ಜನರ ಸಂಸಾರಕ್ಕೆ ಹಾಫ್-ಟನ್ ಎಸ್‌ಯುವಿ ಅಲ್ಲಿ ನಿಜಕ್ಕೂ ನೆಮ್ಮದಿಯಾಗಿ ಎಳೆಯುತ್ತದೆ. 7,000 ಮೇಲಿನದೇ ಬೇಕು ಅನ್ನುವವರಿಗೆ ಒಂದು ವರ್ಗ ಮೇಲಿನ, ಮುಕ್ಕಾಲು ಟನ್ನಿನ ಪಿಕಪ್ಪೇ ದಾರಿ. ಆ ವರ್ಗದ ಎಸ್‌ಯುವಿಗಳು ಈಗ ಹೊಸದಾಗಿ ಸಿಗುವುದಿಲ್ಲ: ಫೋರ್ಡ್ ಎಕ್ಸ್‌ಕರ್ಷನ್ 2005ಕ್ಕೆ ನಿಂತಿತು, ಸಬರ್ಬನ್ 2500 ಮನೆಬಳಕೆಯವರಿಗೆ 2013ರ ಮಾಡೆಲಿಗೇ ಕೊನೆಯಾಯಿತು. ಹಳೆಯದನ್ನು ಹುಡುಕಿ ಕೊಳ್ಳುವವರೂ ಐದನೇ ಹಂತದ ಎಣ್ಣೆಗಳನ್ನೆಲ್ಲ ಬದಲಿಸಿಯೇ ಟ್ರೇಲರ್ ಸಿಕ್ಕಿಸಿ.